ಬಿಟ್ಟುಬಿಟ್ಟ ಬಡಿತಗಳು

ನನ್ನ ತಮ್ಮ ಅಮರ ಇಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಸೇರಿದ ಮೊದಲ ವರ್ಷವೇ ಆ ವಿದ್ಯೆಯ ಮೇಲೆ ನನಗೊಂದು ಅನುಮಾನ ಹುಟ್ಟಿತ್ತು. ಒಂದು ಭಾನುವಾರ ಅವನು ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಗ್ರಾಫ್ ಹಾಳೆಯ ಮೇಲೆ ಡಯೋಡಿನ ಗೆರೆ ಎಳೆಯುತ್ತಿದ್ದ. ನುಣ್ಣಗೆ ಬಾಗಿ ಮೇಲೇರುವ, ನೋಡಲು ಚೆಂದದ ಗೆರೆ. ಎಳೆದು ಮುಗಿಸಿದ ಮೇಲೆ ಅದರ ಮೇಲೆ ಅಲ್ಲಲ್ಲಿ ಚುಕ್ಕೆ ಇಟ್ಟ. ಆಮೇಲೆ ಆ ಚುಕ್ಕೆಗಳನ್ನು ನೋಡಿ ನೋಡಿ ಪಕ್ಕದ ಕೋಷ್ಟಕದಲ್ಲಿ ಅಂಕಿ ತುಂಬತೊಡಗಿದ.

“ಪ್ರಯೋಗ ಯಾವಾಗ ಮಾಡಿದ್ಯೋ?” ಎಂದು ಕೇಳಿದೆ.

“ನಾಳೆ ಅದ.”

“ಅಡಗಿ ಆಗೂಕಿಂತ ಮೊದಲ ತೇಗು ಬಂತೇನು ನಿನಗ?”

ಅಮರ ನಕ್ಕ. “ಅಕ್ಕಾ, ನಿನಗ ತಿಳಿಯೂದಿಲ್ಲ. ಲ್ಯಾಬಿನಾಗಿನ ಮೀಟರ್ ಎಲ್ಲಾ ಹಳೇವು. ಖರೇ ರೀಡಿಂಗ್ ತಗೊಂಡ್ರ ಗ್ರಾಫ್ ಸೊಟ್ಟ ಬರ್ತದ. ಸೊಟ್ಟ ಬಂದ್ರ ಸರ್ ಸಹಿ ಮಾಡೂದಿಲ್ಲ. ಅದಕ್ಕ ಎಲ್ಲಾರೂ ಹಿಂಗ ಮಾಡ್ತಾರ.”

ಎಲ್ಲರೂ ಹೀಗೆ ಮಾಡುತ್ತಾರೆ ಎನ್ನುವುದು ಆ ಕಾಲೇಜಿನ ಮೊದಲ ಪಾಠ. ಎರಡನೆಯ ಪಾಠವೂ ಅದೇ ಇದ್ದಿರಬೇಕು.

ಆದರೆ ಅನ್ಯಾಯದ ಮಾತು ಆಡಬಾರದು. ಅವನೇನು ದಡ್ಡನಲ್ಲ, ಕಲಿಯಲಿಲ್ಲ ಅಂತಲೂ ಅಲ್ಲ. ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ನಮ್ಮ ಮನೆಯ ಸುಟ್ಟುಹೋದ ಮಿಕ್ಸರ್ ಬಿಚ್ಚಿ ಸರಿ ಮಾಡಿದ್ದ. ಆಂಪ್ಲಿಫೈಯರ್ ಎಂಬುದು ಕಿವಿಗೂ ಕೇಳದ ಸಣ್ಣ ಸದ್ದನ್ನು ಹೇಗೆ ಹಿಗ್ಗಿಸುತ್ತದೆ, ಫಿಲ್ಟರ್ ಎಂಬುದು ಚಹಾ ಸೋಸುವ ಜರಡಿಯ ಹಾಗೆ ಹೇಗೆ ಕೆಲಸ ಮಾಡುತ್ತದೆ ಎಂದು ಊಟದ ಹೊತ್ತಿನಲ್ಲಿ ಅಪ್ಪನಿಗೆ ವಿವರಿಸುತ್ತಿದ್ದ. ಅಪ್ಪ ಕೈಯಲ್ಲಿನ ರೊಟ್ಟಿ ಮರೆತು ಕೇಳುತ್ತಿದ್ದ.

“ಮತ್ತ ಚಹಾ ಯಾವುದು, ಪುಡಿ ಯಾವುದು ಅಂತ ಅದಕ್ಕ ಹ್ಯಾಂಗ ತಿಳೀತದಪ್ಪ?”

“ಅದಕ್ಕ ತಿಳಿಯೂದಿಲ್ಲ. ನಾವು ಹೇಳಬೇಕು. ನಮಗ ಬೇಕಾದದ್ದು ಸಿಗ್ನಲ್, ಬ್ಯಾಡಾದದ್ದು ನಾಯ್ಸ್.”

“ಭಾಳ ಚಲೋ ಅದ ನಿಮ್ಮ ಶಾಸ್ತ್ರ,” ಎಂದು ಅಪ್ಪ ನಕ್ಕಿದ್ದ.

ಅಪ್ಪನ ಹೆಸರು ಸಿದ್ದಲಿಂಗಪ್ಪ. ಇಂಡಿ ತಾಲೂಕಿನ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಟೇಬಲ್ಲಿನ ಹಿಂದೆ ಕುಳಿತವನು, ಕೂದಲು ಬೆಳ್ಳಗಾದರೂ ಅಲ್ಲಿಂದ ಎದ್ದಿರಲಿಲ್ಲ. ಹುಬ್ಬಳ್ಳಿ, ಸೋಲಾಪುರದ ಲಾರಿ ಡ್ರೈವರುಗಳಿಗೆಲ್ಲ ಅವನ ಮಗ ಇಲೆಕ್ಟ್ರಾನಿಕ್ಸ್ ಓದುತ್ತಿರುವುದು ಗೊತ್ತಿತ್ತು. ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವುದು ಎಷ್ಟು ಜನಕ್ಕೆ ಗೊತ್ತಿತ್ತೋ ನಾನು ವಿಚಾರಿಸಲಿಲ್ಲ. ಯೆರವಡಾದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಮನೆ. ಅಪ್ಪ, ಅವ್ವ, ನಾನು, ಅಮರ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ.

ಕೊನೆಯ ವರ್ಷ ಎಲ್ಲರೂ ಒಂದು ಪ್ರಾಜೆಕ್ಟ್ ಮಾಡಬೇಕು. ಹೆಚ್ಚಿನವರು ಇಲೆಕ್ಟ್ರಾನಿಕ್ಸ್ ಅಂಗಡಿಗಳ ಬುಧವಾರ ಪೇಠೆಗೆ ಹೋಗಿ ತಯಾರಾದದ್ದನ್ನೇ ತಂದು ಡಬ್ಬಿಗೆ ಹೆಸರು ಅಂಟಿಸುತ್ತಾರಂತೆ. ಅಮರ ಹಾಗೆ ಮಾಡಲಿಲ್ಲ. ಈ ಮಾತನ್ನು ನಾನು ಈಗಲೂ ಒತ್ತಿ ಹೇಳುತ್ತೇನೆ, ಯಾಕೆಂದರೆ ಕೊಂಡು ತಂದಿದ್ದರೆ ಅಪ್ಪ ಬದುಕಿರುತ್ತಿದ್ದನೇನೋ. ಅಮರ ಮತ್ತು ಅವನ ಗೆಳೆಯ, ಮಂಡ್ಯದ ಕಡೆಯ ಪುನೀತ, ಇಬ್ಬರೂ ಸೇರಿ ತಾವೇ ಒಂದು ಇ.ಸಿ.ಜಿ. ಯಂತ್ರ ಮಾಡಲು ಹೊರಟರು. ಎದೆಯ ಮೇಲೆ ಮೂರು ಕಡೆ ಪಟ್ಟಿ ಅಂಟಿಸಿ ವಾಯರ್ ಸಿಕ್ಕಿಸಿದರೆ, ಲ್ಯಾಪ್‌ಟಾಪಿನ ಪರದೆಯ ಮೇಲೆ ಎದೆಬಡಿತ ಹಸಿರು ಗೆರೆಯಾಗಿ ಓಡಬೇಕು. ದೊಡ್ಡ ಆಸ್ಪತ್ರೆ ಇಲ್ಲದ ಹಳ್ಳಿಗಳಿಗೆ ಅನುಕೂಲವಾಗುವಂಥ ಅಗ್ಗದ ಯಂತ್ರ. ಅವರ ಗೈಡ್ ಋಷಿಕೇಶ ಸರ್ ಒಪ್ಪಿದರು. ಆದರೆ ಹುಡುಗರ ಎದೆ ಮಾತ್ರ ಸಾಲದು, ವಯಸ್ಸಾದವರೊಬ್ಬರ ದಾಖಲೆಯೂ ಬೇಕು ಎಂದರು.

“ನಾ ಇಲ್ಲೇನು?” ಎಂದ ಅಪ್ಪ. ಮದುವೆಗೆ ಕರೆದಷ್ಟು ಸಂತೋಷ ಅವನಿಗೆ.

ಅಂದಿನಿಂದ ಸಂಜೆ ಅಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದು ಅಂಗಿ ಬಿಚ್ಚಿ ಮಂಚದ ಮೇಲೆ ಮಲಗುವುದು, ಅಮರ ಪಟ್ಟಿ ಅಂಟಿಸುವುದು, ಇದೇ ನಮ್ಮ ಮನೆಯ ದೀಪ ಹಚ್ಚುವ ಹೊತ್ತಿನ ಕಾರ್ಯಕ್ರಮವಾಯಿತು. ಪುಸ್ತಕದಲ್ಲಿನ ಚಿತ್ರವನ್ನು ಅಮರ ಮೊದಲೇ ತೋರಿಸಿದ್ದ: ಒಂದು ಸಣ್ಣ ದಿಬ್ಬ, ಸೂಜಿಯಂಥ ಒಂದು ಎತ್ತರದ ಮೊನೆ, ಮತ್ತೊಂದು ದಿಬ್ಬ, ಸ್ವಲ್ಪ ಬಯಲು. ಮತ್ತೆ ಅದೇ. ಕಾಲೇಜಿನ ಲ್ಯಾಬಿನಲ್ಲಿ ಪುನೀತನ ಎದೆಗೆ ಅಂಟಿಸಿದಾಗ ಹಾಗೆಯೇ ಬಂದಿತ್ತು. ಮನೆಯಲ್ಲಿ ಅಪ್ಪನದು ಹಾಗೆ ಬರಲಿಲ್ಲ. ನಾಲ್ಕಾರು ಬಡಿತ ನೆಟ್ಟಗೆ ಬಂದು ನಡುವೆ ಅಗಲವಾದ, ವಿಕಾರವಾದ ಒಂದು ಗುಡ್ಡ ಎದ್ದುಬಿಡುತ್ತಿತ್ತು. ಅದರ ಬೆನ್ನಿಗೇ ಒಂದು ಖಾಲಿ ಜಾಗ. ಆಮೇಲೆ ಏನೂ ಆಗೇ ಇಲ್ಲ ಎನ್ನುವಂತೆ ಮತ್ತೆ ಮೊದಲಿನ ಗೆರೆ.

“ನಾಯ್ಸ್,” ಎಂದ ಅಮರ.

ಅವನ ವಿಚಾರ ಸರಳವಾಗಿತ್ತು. ಲ್ಯಾಬಿನಲ್ಲಿ ಚೆನ್ನಾಗಿ ಬರುತ್ತದೆ, ಮನೆಯಲ್ಲಿ ಬರುವುದಿಲ್ಲ. ಹಾಗಾದರೆ ದೋಷ ಮನೆಯದು. ನಮ್ಮ ಕಟ್ಟಡದ ವಾಯರಿಂಗ್ ಹಳೆಯದಾಗಿದೆ, ಅರ್ಥಿಂಗ್ ಸರಿಯಿಲ್ಲ. ಪುನೀತನನ್ನು ಮನೆಗೆ ಕರೆತಂದು ಅಂಟಿಸಿ ನೋಡಿದ್ದರೆ, ಅಥವಾ ಅಪ್ಪನನ್ನು ಒಂದು ದಿನ ಲ್ಯಾಬಿಗೆ ಕರೆದುಕೊಂಡು ಹೋಗಿದ್ದರೆ ದೋಷ ಮನೆಯದಲ್ಲ ಎಂದು ಅಲ್ಲಿಗೇ ತಿಳಿಯುತ್ತಿತ್ತು. ಅಷ್ಟು ದೂರದ ಬಸ್ಸಿಗೆ ದಣಿದ ಅಪ್ಪನನ್ನು ಯಾಕೆ ಹತ್ತಿಸುವುದು ಎಂದು ಅವನಿಗೆ ಕನಿಕರ. ಆ ಕನಿಕರವೂ ನಮಗೆ ಮುಳುವಾಯಿತು.

ಮೊದಲು ಫ್ಯಾನ್ ಆರಿಸಿದ. ಆಮೇಲೆ ಫ್ರಿಜ್ಜು. ಆಮೇಲೆ ನಮ್ಮೆಲ್ಲರ ಮೊಬೈಲು. ಸೆಕೆಯಲ್ಲಿ ನಾವು ಮೂವರೂ ಬೆವರುತ್ತ ಕುಳಿತರೂ ಗುಡ್ಡ ಏಳುವುದು ನಿಲ್ಲಲಿಲ್ಲ. ಪಟ್ಟಿ ಸರಿಯಾಗಿ ಅಂಟಿಲ್ಲವೆಂದು ಅಪ್ಪನ ಎದೆಯ ಕೂದಲು ಬೋಳಿಸಿದ. ಅಲ್ಲಾಡುತ್ತಿದ್ದೀ ಎಂದು ಗದರಿದ. ಅಪ್ಪ ಕೈಕಾಲು ಬಿಗಿಹಿಡಿದು, ಕೊನೆಗೆ ಉಸಿರನ್ನೂ ಹಿಡಿದು ಮಲಗತೊಡಗಿದ. ಮುಖ ಕೆಂಪಾಗುವವರೆಗೆ ಹಿಡಿದು, ಬಿಟ್ಟು, “ಈಗ ಹ್ಯಾಂಗ ಬಂತೋ?” ಎಂದು ಕೇಳುತ್ತಿದ್ದ. ಪರೀಕ್ಷೆ ಬರೆದು ಹೊರಬಂದ ಹುಡುಗನ ಮುಖ ಅದು. ನನಗೆ ನಗು ಬರುತ್ತಿತ್ತು, ಅಷ್ಟೇ ಸಿಟ್ಟೂ ಬರುತ್ತಿತ್ತು.

ಇನ್ನು ಉಳಿದದ್ದು ಅಪ್ಪನ ಕೊರಳಲ್ಲಿದ್ದ ಲಿಂಗ. ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಲ್ಲಿ ಕಟ್ಟಿದ್ದು ಸರಿಯಾಗಿ ಎದೆಯ ನಡುವೆ ತೂಗುತ್ತಿತ್ತು.

“ಬೆಳ್ಳಿ ಅಂದ್ರ ಕರೆಂಟಿಗೆ ರಾಜರಸ್ತೆ ಇದ್ದಂಗ,” ಎಂದ ಅಮರ. “ಪಟ್ಟಿ ಮಗ್ಗಲದಾಗ ಅದು ತೂಗಾಡಿದ್ರ ನಾಯ್ಸ್ ಬರದ ಏನು ಮಾಡ್ತದ? ಅಪ್ಪಾ, ಒಂದೀಟು ತಗದಿಡು.”

ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆಲ್ಲ ಜೋಳದ ಹಿಟ್ಟು. “ಏನಂದಿ? ಲಿಂಗ ಮೈಮ್ಯಾಲಿಂದ ತಗೀತಾರೇನೋ ಮನಶ್ಯಾರು? ನಾ ಸತ್ತ ಮ್ಯಾಲೂ ಅದು ನನ್ನ ಕೂಡ ಮಣ್ಣಿಗೆ ಬರೂದು. ನಿನ್ನ ಮಷೀನಿಗೆ ಅದು ಅಡ್ಡ ಬರ್ತದಂದ್ರ ನಿನ್ನ ಮಷೀನ ಸುಳ್ಳು.”

ಅವ್ವನ ಹೆಸರು ರುದ್ರವ್ವ. ಹೆಸರಿಗೆ ತಕ್ಕ ಮಾತು. ಅಪ್ಪ ನಡುವೆ ಬಂದು ರಾಜಿ ಮಾಡಿಸಿದ. ಕರಡಿಗೆಯನ್ನು ಎದೆಯಿಂದ ಸರಿಸಿ, ಪೂಜೆಗೆ ಹಿಡಿದಂತೆ ಎಡ ಅಂಗೈಯಲ್ಲಿ ಹಿಡಿದು ಮಲಗಿದ. ದಾರ ಕೊರಳಲ್ಲೇ ಇತ್ತು. ಗುಡ್ಡಗಳು ಬಂದವು. ಕೈಯಲ್ಲಿದ್ದರೂ ಮೈಗೆ ತಾಗಿದ ಹಾಗೆಯೇ ಎಂದು ಅಮರ ಗೊಣಗಿದ. ಅವ್ವ ಅವನನ್ನು ನೋಡಿದ ನೋಟಕ್ಕೆ ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ ಅವ್ವ ಸಾಸವಡದ ತನ್ನ ತಂಗಿಯ ಬಸುರಿ ಮಗಳ ಕುಬಸಕ್ಕೆ ಹೋದಳು. ಆ ಸಂಜೆ ಅಪ್ಪ ಮಂಚದ ಮೇಲೆ ಸುಮ್ಮನೆ ಕುಳಿತಿದ್ದ. ಎಷ್ಟೋ ಹೊತ್ತಿನ ಮೇಲೆ ಶಿವದಾರಕ್ಕೆ ಕೈ ಹಾಕಿದ. ಹುಡುಗನಾಗಿದ್ದಾಗ ಕಟ್ಟಿಸಿಕೊಂಡ ಮೇಲೆ ಜ್ವರ ಬಂದರೂ ಬಿಚ್ಚದ ದಾರ ಅದು. ತಲೆಯ ಮೇಲಿಂದ ತೆಗೆದು, ಕಣ್ಣಿಗೆ ಒತ್ತಿಕೊಂಡು, ದೇವರ ಜಗಲಿಯ ಮೇಲೆ ಇಟ್ಟ.

“ಬ್ಯಾಡಪ್ಪಾ,” ಎಂದೆ ನಾನು.

“ಇರ್ಲಿ ರೇಣು. ಹುಡುಗನ ವರ್ಷ ಹಾಳಾಗಬಾರದು. ಅವನಿಗೆ ತಿಳೀತದ,” ಎಂದು ದೇವರ ಕಡೆಗೆ ಕಣ್ಣು ತೋರಿಸಿದ.

ಲಿಂಗವಿಲ್ಲದ ಎದೆಯ ಮೇಲೂ ಗುಡ್ಡ ಎದ್ದವು. ಅಪ್ಪ ಗಡಬಡಿಸಿ ಎದ್ದು ಲಿಂಗ ಕಟ್ಟಿಕೊಂಡ. ಅವ್ವನ ಮುಂದೆ ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅವಳು ಸಾಸವಡದಿಂದ ಬಂದು ಚೀಲ ಇಳಿಸುವ ಮೊದಲೇ ಹೇಳಿಬಿಟ್ಟ. ಅವ್ವ ಬಯ್ಯಲಿಲ್ಲ. ಅಪ್ಪನಿಗೆ ಸ್ನಾನ ಮಾಡಿಸಿ ಪೂಜೆಗೆ ಕೂಡಿಸಿದಳು. ತಾನು ಸೋಮವಾರ ಉಪವಾಸ ಹಿಡಿದಳು.

ದಾರಿ ತೋರಿಸಿದವರು ಋಷಿಕೇಶ ಸರ್. ಪುನೀತ ಫೋನ್ ಮಾಡಿದ್ದ. ಅಮರ ಕೈಯಲ್ಲಿ ಸೋಲ್ಡರ್ ಹಿಡಿದಿದ್ದರಿಂದ ಸ್ಪೀಕರ್ ಹಾಕಿದ, ಹಾಗಾಗಿ ನನಗೂ ಕೇಳಿಸಿತು.

“ಮಗಾ, ಸರ್ ಹೇಳಿದ್ರು, ಔಟ್‌ಲೈಯರ್ಸ್ ತೆಗೆದ್ಬಿಡಿ ಅಂತ. ಬುಕ್ಕಲ್ಲಿರೋ ಶೇಪಿಗೆ ಮ್ಯಾಚ್ ಆಗ್ದೇ ಇರೋ ಬೀಟ್‌ನ ಕೋಡಲ್ಲೇ ರಿಜೆಕ್ಟ್ ಮಾಡ್ಸೋಣ. ಉಳಿದಿದ್ದನ್ನ ಆವರೇಜ್ ಮಾಡಿದ್ರೆ ಸೂಪರಾಗಿ ಬರತ್ತೆ. ಸುಮ್ನೆ ಅಂಕಲ್‌ಗೆ ಯಾಕೆ ತೊಂದ್ರೆ?”

ಅಮರ ಹಣೆ ಬಡಿದುಕೊಂಡ. ಇಷ್ಟು ದಿನ ತಲೆಗೆ ಹೊಳೆಯದ್ದು ಎಷ್ಟು ಸಲೀಸು!

“ಬಿಟ್ಟ ಬಡಿತ ಎಲ್ಲಿ ಹೋಗ್ತಾವೋ?” ಎಂದು ಕೇಳಿದೆ.

“ಎಲ್ಲೂ ಹೋಗೂದಿಲ್ಲ ಅಕ್ಕಾ. ಫೈಲಿನಾಗ ಇರ್ತಾವ. ಲೆಕ್ಕಕ್ಕ ಬರೂದಿಲ್ಲ, ಅಷ್ಟ.”

ಎರಡು ದಿನದ ಮೇಲೆ ಅಪ್ಪನ ಎದೆಯ ಗೆರೆ ಪುಸ್ತಕದ ಹಾಗೆ ಬಂತು. ಸಣ್ಣ ದಿಬ್ಬ, ಮೊನೆ, ದಿಬ್ಬ, ಬಯಲು. ಮತ್ತೆ ಅದೇ. ಒಂದರಂತೆ ಇನ್ನೊಂದು, ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ. ಅಪ್ಪ ಮಂಚದ ಮೇಲೆ ಎದ್ದು ಕುಳಿತು ಪರದೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

“ನಂದೇನು ಇದು?”

“ನಿಂದಽ.”

“ಅಬ್ಬಾ, ಪಾಸಾದೆ,” ಎಂದ ಅಪ್ಪ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ದೀಪಾವಳಿಯಿಂದೀಚೆಗೆ ಅಪ್ಪ ಮೆಟ್ಟಿಲು ಹತ್ತುವಾಗ ಮೊದಲ ಮಹಡಿಯಲ್ಲಿ ನಿಲ್ಲುತ್ತಿದ್ದ. ಎದೆಯಲ್ಲಿ ಏನೋ ಹೊರಳಿದಂತೆ ಆಗುತ್ತದೆ ಎನ್ನುತ್ತಿದ್ದ. ಗ್ಯಾಸು ಎಂದು ತಾನೇ ಸಮಾಧಾನವನ್ನೂ ಹೇಳಿಕೊಳ್ಳುತ್ತಿದ್ದ. ಅವ್ವ ಬೆನ್ನು ಬಿಡದೆ ಡಾಕ್ಟರಿಗೆ ತೋರಿಸಲು ಒಪ್ಪಿಸಿದ್ದಳು. ನಾನು ಶನಿವಾರ ರಜೆ ಹಾಕಿ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಶನಿವಾರ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟದೆ ಕುಳಿತ.

“ಎದಕ್ಕ ಡಾಕ್ಟರು? ಮನ್ಯಾಗ ಡಾಕ್ಟರ್‌ಕಿಂತ ದೊಡ್ಡಾಂವ ಅದಾನ. ದಿನಾ ಎದಿ ನೋಡ್ತಾನ. ಪುಸ್ತಕದಾಗ ಇದ್ದಂಗ ಅದ ಅಂದಮ್ಯಾಲೆ ಇನ್ನೇನು?”

ಅವ್ವ ಅಮರನ ಕಡೆ ತಿರುಗಿದಳು. “ಖರೇನ ಎಲ್ಲಾ ಸರಿ ಅದನೇನೋ? ನನ್ನ ಮ್ಯಾಲೆ ಆಣಿ ಮಾಡಿ ಹೇಳು.”

ಅಮರ ಲ್ಯಾಪ್‌ಟಾಪ್ ತೆರೆದು ಅವಳ ಮುಂದೆ ಹಿಡಿದ. “ನೋಡವ್ವ. ಇದು ಪುಸ್ತಕದ್ದು, ಇದು ಅಪ್ಪಂದು. ಏನರ ಫರಕ್ ಕಾಣ್ತದೇನು?”

ಅವ್ವ ಬಗ್ಗಿ ಎರಡನ್ನೂ ನೋಡಿದಳು. ಫರಕು ಕಾಣಲಿಲ್ಲ. ಅವನು ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು. ತಾನು ಏನು ತೆಗೆದು ಎಸೆದಿದ್ದೇನೆ ಎನ್ನುವುದು ಅವನ ತಲೆಯಲ್ಲಿ ಉಳಿದೇ ಇರಲಿಲ್ಲ. ಚಹಾ ಸೋಸಿದ ಮೇಲೆ ಪುಡಿಯನ್ನು ಯಾರು ನೆನೆಯುತ್ತಾರೆ? ನಾನು ಹಾಕಿದ ರಜೆ ಸುಮ್ಮನೆ ಹೋಯಿತು. ಅಂದು ಮಧ್ಯಾಹ್ನ ಎಲ್ಲರೂ ಸೇರಿ ಹೋಳಿಗೆ ಉಂಡೆವು.

ಪ್ರಾಜೆಕ್ಟಿನ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಇಷ್ಟು ಸ್ವಚ್ಛ ಗೆರೆಯನ್ನು ವಿದ್ಯಾರ್ಥಿಗಳ ಕೆಲಸದಲ್ಲಿ ನೋಡಿಲ್ಲ ಎಂದರಂತೆ. ಇಡೀ ವಿಭಾಗಕ್ಕೆ ಅಮರ ಮತ್ತು ಪುನೀತರದೇ ಮೊದಲ ಬಹುಮಾನ. ಮರುದಿನ ಅಪ್ಪ ಪೇಢೆಯ ಡಬ್ಬಿ ಹಿಡಿದು ಆಫೀಸಿಗೆ ಹೋದ. ಗೆರೆಯ ಒಂದು ಪ್ರಿಂಟನ್ನೂ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಮಧ್ಯಾಹ್ನ ಬ್ಯಾಂಕಿಗೆ ನನಗೆ ಫೋನು ಬಂತು. ಯಾರೋ ಡ್ರೈವರಿಗೆ ಪೇಢೆ ಕೊಡುತ್ತಿದ್ದವನು ಕೈ ಚಾಚಿದ ಹಾಗೆಯೇ ಟೇಬಲ್ಲಿನ ಮೇಲೆ ಬಿದ್ದನಂತೆ. ಆಸ್ಪತ್ರೆಗೆ ಸೇರಿಸಿದ್ದಾರೆ, ಬನ್ನಿ ಎಂದರು. ನಾನು, ಅವ್ವ, ಅಮರ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿದ್ದ ಡಾಕ್ಟರ್ ನನ್ನ ವಯಸ್ಸಿನ ಹೆಣ್ಣುಮಗಳು, ನೀಲಿಮಾ ಎಂದು ಹೆಸರು. ಹೃದಯ ಇದ್ದಕ್ಕಿದ್ದಂತೆ ನಿಂತಿದೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಮೊದಲು ಏನಾದರೂ ತೊಂದರೆ ಇತ್ತೇ, ಎಂದಾದರೂ ಇ.ಸಿ.ಜಿ. ತೆಗೆಸಿದ್ದಿರಾ ಎಂದು ಕೇಳಿದರು.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಉತ್ತರ ಕೊಟ್ಟಳು. ದಿನಾ ತೆಗೆಯುತ್ತಿದ್ದ ನನ್ನ ಮಗ, ಎಂದಳು. ತುಂಬ ಚೆನ್ನಾಗಿ ಬಂದಿತ್ತು, ನಿನ್ನೆ ಬಹುಮಾನ ಕೂಡ ಬಂದಿದೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಮರ ಮೊಬೈಲಿನಲ್ಲಿ ಆ ಗೆರೆಯನ್ನು ತೆಗೆದು ತೋರಿಸಿದ. ಅವರು ಒಮ್ಮೆ ನೋಡಿ, “ಇದು ಯಾರ ಎದೆಯೂ ಅಲ್ಲ. ಬದುಕಿರುವವರ ಬಡಿತ ಹೀಗೆ ಅಚ್ಚು ಹೊಡೆದ ಹಾಗೆ ಇರುವುದಿಲ್ಲ,” ಎಂದರು. ಅವನು ತಡವರಿಸುತ್ತ ನಾಯ್ಸ್ ತೆಗೆದ ಬಗೆಯನ್ನು ಹೇಳಿದ. ತೆಗೆಯುವ ಮೊದಲಿನದು ಇದೆಯೇ ಎಂದು ಅವರು ಕೇಳಿದರು. ಇತ್ತು. ಅಮರ ಹುಡುಕಿ ಕೊಟ್ಟ. ಅವರು ಬೆರಳಿನಿಂದ ಸರಿಸುತ್ತ, ನಿಲ್ಲುತ್ತ, ಮತ್ತೆ ಸರಿಸುತ್ತ ಬಹಳ ಹೊತ್ತು ನೋಡಿದರು. ಅವ್ವ ಅಷ್ಟರಲ್ಲಿ ಅಪ್ಪನ ಕಾಲ ಬಳಿ ಹೋಗಿ ಕುಳಿತಿದ್ದಳು.

“ಇದನ್ನು ಯಾರು ಯಾರು ನೋಡಿದ್ದಾರೆ?” ಎಂದರು ಡಾಕ್ಟರ್.

“ನಾವೆಲ್ಲ. ನಮ್ಮ ಸರ್ ಕೂಡ.”

“ಇದು ನಾಯ್ಸ್ ಅಲ್ಲ.”

ಅಷ್ಟು ಹೇಳಿ ಮೊಬೈಲನ್ನು ಅವನ ಕೈಯಲ್ಲಿ ಇಟ್ಟರು. ಅವರು ಬೈದಿದ್ದರೂ ಆಗುತ್ತಿತ್ತು. ಅಮರನ ಮುಖ ನೋಡಿ ಅವರಿಗೂ ಬಯ್ಯಲು ಮನಸ್ಸು ಬಂದಿರಲಿಕ್ಕಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಬಂದೆವು. ಬಂದವರ ಮುಂದೆಲ್ಲ ಅವ್ವನದು ಒಂದೇ ಮಾತು. “ಲಿಂಗ ಅಗಲಿಸಿದ್ರು. ನಾ ಮನ್ಯಾಗ ಇರಲಿಲ್ಲ. ಇದ್ದಿದ್ರ ತಗ್ಯಾಕ ಬಿಡ್ತಿದ್ದಿಲ್ಲ. ಕುಬಸ ಉಣ್ಣಾಕ ಹೋಗಿದ್ದೆ ನಾ. ಹೊಟ್ಟಿಬಾಕಿ.” ಅವಳು ಅಮರನ ಮೇಲೆ ತಪ್ಪು ಹೊರಿಸಲಿಲ್ಲ. ಅವನು ಹುಡುಗ, ತಿಳಿಯದೆ ಕೇಳಿದ. ಅಪ್ಪ ಮಗನ ಮೋಹಕ್ಕೆ ಬಿದ್ದ. ಕಾಯಬೇಕಾದವಳು ತಾನು, ತಾನೇ ಮನೆ ಬಿಟ್ಟು ಹೋದೆ. ಇದು ಅವಳ ಲೆಕ್ಕ. ಸಾಸವಡದ ಚಿಕ್ಕಮ್ಮ ಸಮಾಧಾನ ಮಾಡಲು ಬಂದರೆ ಅವಳ ಮುಖ ನೋಡದೆ ಗೋಡೆಯ ಕಡೆ ತಿರುಗಿ ಕುಳಿತಳು. ಊಟ ಬಿಟ್ಟಳು. ಒತ್ತಾಯ ಮಾಡಿದರೆ ಒಂದು ಲೋಟ ಮಜ್ಜಿಗೆ. ರವಿಕೆಯ ತೋಳು ಜೋತುಬೀಳುವಷ್ಟು ಇಳಿದುಹೋದಳು.

ಅಮರ ಇದನ್ನೆಲ್ಲ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ನಾನು ದಿನ ಕಾದೆ, ವಾರ ಕಾದೆ. ತಿಂಗಳ ಕೊನೆಗೆ ನನ್ನ ತಾಳ್ಮೆ ತೀರಿತು. ಅವನನ್ನು ಕಟ್ಟಡದ ತುದಿಯ ತೆರೆದ ಗಚ್ಚಿನ ಮೇಲೆ ಕರೆದುಕೊಂಡು ಹೋದೆ.

“ನೀ ಹೇಳ್ತಿಯೋ, ನಾ ಹೇಳ್ಲೋ?”

“ಅವ್ವಂದು ನಂಬಿಕಿ ಅಕ್ಕಾ. ಅದನ್ನ ಯಾಕ ಕೆಡಿಸೂದು?”

ಕೆನ್ನೆಗೆ ಬಾರಿಸಬೇಕೆನಿಸಿತು. “ನಂಬಿಕಿ ಮ್ಯಾಲೆ ಅಷ್ಟು ಗೌರವ ಇದ್ದಾಂವ ಲಿಂಗ ತಗದಿಡು ಅಂತಿದ್ದೇನು? ಅಕಿ ಅಲ್ಲಿ ಕೂತು ಸಾಯಾಕತ್ತಾಳ, ಕಾಣೂದಿಲ್ಲ ನಿನಗ?”

“ಹೇಳಿದ್ರ ಅವ್ವ ನನ್ನ ಮುಖ ನೋಡೂದಿಲ್ಲ.”

“ಈಗ ಅಕಿ ತನ್ನ ಮುಖಾನ ತಾ ನೋಡ್ಕೊಳ್ಳವಲ್ಲಳು. ಯಾವುದು ಚಲೋ, ನೀನಽ ಹೇಳು.”

ಅವನು ಗಚ್ಚಿನ ಕಟ್ಟೆ ಹಿಡಿದು ಅತ್ತ. ನಾನು ಸಂತೈಸಲಿಲ್ಲ. ಆ ಹೊತ್ತಿಗೆ ನನಗೆ ಅವನ ಮೇಲೆ ಕರುಣೆ ಇರಲಿಲ್ಲ, ಇದ್ದದ್ದು ಸಿಟ್ಟು ಮಾತ್ರ. ಅವನೊಬ್ಬನ ಮೇಲೆ ಅಲ್ಲ. ಸೊಟ್ಟ ಗೆರೆಗೆ ಸಹಿ ಹಾಕದೆ ನೆಟ್ಟಗಿನ ಸುಳ್ಳಿಗೆ ಸಹಿ ಹಾಕಿದ ಆ ಎಲ್ಲ ಸರ್‌ಗಳ ಮೇಲೆ. ಆದರೆ ಅವರಾರೂ ನನ್ನ ಎದುರಿಗೆ ಇರಲಿಲ್ಲ, ಇವನಿದ್ದ.

ಮರುದಿನ ಮಧ್ಯಾಹ್ನ ಅವ್ವ ನೆಲದ ಮೇಲೆ ಕುಳಿತು ಯಾರಿಗೂ ಬೇಡದ ಅಕ್ಕಿಯನ್ನು ಆರಿಸುತ್ತಿದ್ದಳು. ಅಮರ ಎದುರಿಗೆ ಲ್ಯಾಪ್‌ಟಾಪ್ ತಂದಿಟ್ಟು ಕುಳಿತ. ನಾನು ಬಾಗಿಲಲ್ಲಿ ನಿಂತೆ.

“ಅವ್ವಾ, ಲಿಂಗದಿಂದ ಅಲ್ಲ. ನೀ ಹೋಗಿದ್ದಕ್ಕೂ ಅಲ್ಲ,” ಎಂದ. ಅವ್ವ ತಲೆ ಎತ್ತಿದಳು. ಅವನು ಫೈಲು ತೆರೆದ. “ಇದು ಮೊದಲನೇ ದಿನದ್ದು, ಲಿಂಗ ಎದಿಮ್ಯಾಲಿದ್ದಾಗ. ಇದು ಕೈಯಾಗ ಹಿಡಿದಾಗ. ಇದು ನೀ ಸಾಸವಡಕ್ಕ ಹೋದಾಗ. ಎಲ್ಲಾದ್ರಾಗೂ ಒಂದಽ ಅದ. ನೋಡು.”

ಹಸಿರು ಗೆರೆ ಓಡುತ್ತಿತ್ತು. ಅವ್ವ ಮೊರವನ್ನು ಪಕ್ಕಕ್ಕೆ ಸರಿಸಿ ಹತ್ತಿರ ಬಂದಳು.

“ಇದು ಅವರದನ?”

“ಹೂಂ.”

ನೆಟ್ಟಗೆ ಬರುತ್ತಿದ್ದ ಬಡಿತಗಳ ನಡುವೆ ಗುಡ್ಡ ಎದ್ದಿತು. ಅವ್ವ ಅದರ ಮೇಲೆ ಬೆರಳಿಟ್ಟಳು. ಅದು ಬೆರಳಡಿಯಿಂದ ಸರಿದು ಹೋಯಿತು. “ಇದೇನು?”

“ಇದಽ ಜಡ್ಡು. ಮೊದಲಿಂದ ಇತ್ತು.”

“ಅವತ್ತ ನನಗ ತೋರಿಸಿದ್ದರಾಗ ಇದು ಇರಲಿಲ್ಲ.”

“ನಾ ತಗದಿದ್ದೆ.”

“ಯಾಕ?”

ನಾಲ್ಕು ವರ್ಷ ಕಲಿತ ಮಾತುಗಳಲ್ಲಿ ಅವ್ವನಿಗೆ ಹೇಳಬಹುದಾದ ಒಂದು ಮಾತೂ ಅಮರನಿಗೆ ಸಿಗಲಿಲ್ಲ.

“ಚಂದ ಕಾಣ್ಲಿ ಅಂತ,” ಎಂದ.

ಅವ್ವ ಅವನನ್ನು ನೋಡಿದಳು. ಆಮೇಲೆ ಪರದೆಯನ್ನು ನೋಡಿದಳು. “ಅವರಿಗೆ ಗೊತ್ತಿತ್ತೇನು?”

“ಇಲ್ಲವ್ವ.”

“ತಂದಽ ತಪ್ಪು ಅಂತ ತಿಳದು ಉಸಿರು ಹಿಡಕೊಂಡು ಮಲಗತಿದ್ರು,” ಎಂದಳು ಅವ್ವ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. “ಸಾಕು, ಮುಚ್ಚು.”

ಅವನು ಮುಚ್ಚಿದ. ಅವಳ ಕಾಲು ಮುಟ್ಟಲು ಬಗ್ಗಿದ. ಅವ್ವ ಕಾಲು ಹಿಂದೆ ಎಳೆದುಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಎಷ್ಟೋ ದಿನದ ಮೇಲೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಸಾಸವಡದ ಚಿಕ್ಕಮ್ಮನಿಗೆ ಫೋನು ಹಚ್ಚಿಕೊಡು ಎಂದು ಅಲ್ಲಿಂದಲೇ ನನಗೆ ಹೇಳಿದಳು. ತಂಗಿಯ ಹತ್ತಿರ ಮಾತಾಡುತ್ತ ಮೊದಲ ಬಾರಿ ಬಾಯಿ ಬಿಟ್ಟು ಅತ್ತಳು.

ಆಮೇಲೆ ಎರಡು ತಾಟು ತಂದಳು. ಒಂದನ್ನು ನನ್ನ ಮುಂದೆ ಇಟ್ಟು, ಇನ್ನೊಂದಕ್ಕೆ ತನಗೆ ರೊಟ್ಟಿ, ಪುಂಡಿಪಲ್ಲೆ ಬಡಿಸಿಕೊಂಡು ಕುಳಿತಳು. ಅಮರ ಗೋಡೆಗೆ ಒರಗಿ ನಮ್ಮ ಎದುರಿಗೇ ಇದ್ದ. ಅವ್ವ ಅವನ ಕಡೆ ನೋಡಲಿಲ್ಲ, ಉಣ್ಣು ಅನ್ನಲಿಲ್ಲ, ಎದ್ದು ಹೋಗು ಎಂದೂ ಅನ್ನಲಿಲ್ಲ. ಅವನೂ ತಾಟು ಕೇಳಲಿಲ್ಲ. ಅವ್ವ ಊಟ ಮಾಡಲಿ ಎಂದೇ ನಾನು ಅವನ ಬಾಯಿ ಬಿಡಿಸಿದ್ದೆ. ಈಗ ಅವಳು ಹಸಿದವರ ಹಾಗೆ ರೊಟ್ಟಿ ಮುರಿಯುತ್ತಿದ್ದಳು. ನನಗೆ ಮಾತ್ರ ಮೊದಲ ತುತ್ತೂ ಇಳಿಯಲಿಲ್ಲ.